ಕುದಿಸಿದರೂ ಹೋಗದ ವಿಷ

ಕೇಳುಗರಿಗೆ ನಮಸ್ಕಾರ.

2014ರ ಆಗಸ್ಟ್ 2ರ ನಸುಕಿನಲ್ಲಿ ಅಮೆರಿಕದ ಟೊಲೆಡೊ ನಗರದವರಿಗೆ ಎಚ್ಚರಿಕೆಯೊಂದು ಬಂತು: ನಲ್ಲಿ ನೀರು ಕುಡಿಯಬೇಡಿ, ಕುದಿಸಲೂಬೇಡಿ. ನೀರು ಕೆಟ್ಟಿದೆಯೆಂದರೆ ಕುದಿಸಿ, ಆರಿಸಿ, ಕುಡಿಯುವುದಷ್ಟೇ ನಮಗೆ ಗೊತ್ತು. ಆದರೆ ಅಲ್ಲಿದ್ದದ್ದು ರೋಗಾಣುವಲ್ಲ, ಮೈಕ್ರೊಸಿಸ್ಟಿನ್ ಎಂಬ ವಿಷ. ಬೆಂಕಿಗೆ ಅದು ಜಗ್ಗದು. ಕುದಿದು ನೀರು ಇಂಗಿದಷ್ಟೂ ಉಳಿದದ್ದರಲ್ಲಿ ವಿಷದ ಪ್ರಮಾಣ ಏರುತ್ತದೆ. 4 ಲಕ್ಷ ಜನ ಸುಮಾರು ಮೂರು ದಿನ ನಲ್ಲಿ ನೀರು ಬಾಯಿಗಿಡಲಿಲ್ಲ.

ವಿಷ ಬಂದದ್ದು ಆ ನಗರಕ್ಕೆ ನೀರು ಕೊಡುವ ಈರಿ ಸರೋವರದ ನೀಲಿ-ಹಸಿರು ಪಾಚಿಯಿಂದ. ನಾವು ಪಾಚಿ ಎನ್ನುತ್ತೇವೆ, ಅಸಲಿಗೆ ಅದು ಬ್ಯಾಕ್ಟೀರಿಯಾ. ಜೀವಕೋಶದೊಳಗೆ ಗಾಳಿ ತುಂಬಿದ ಪುಟ್ಟ ಚೀಲಗಳಿರುವುದರಿಂದ ಮೇಲೆ ತೇಲಿ ಬಿಸಿಲು ಹೀರುತ್ತದೆ. ಕೆಳಗಿನ ಗಿಡಗಳಿಗೆ ಕತ್ತಲೆ. ನೀರು ಬೆಚ್ಚಗಿದ್ದು ಅಲುಗದೆ ನಿಂತರೆ ಅದಕ್ಕೆ ಹಬ್ಬ.

ಹಬ್ಬದ ಊಟ ಯಾವುದು? 1973ರಲ್ಲಿ ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ತಂಡ ನಡು ಕಿರಿದಾದ ಒಂದು ಸರೋವರವನ್ನು ಆರಿಸಿಕೊಂಡು, ಆ ನಡುವಿಗೆ ಪರದೆ ಕಟ್ಟಿತು. ಎರಡೂ ಬದಿಗೆ ಇಂಗಾಲ, ಸಾರಜನಕ ಹಾಕಿದರು. ಒಂದು ಬದಿಗೆ ಮಾತ್ರ ರಂಜಕವನ್ನೂ ಸೇರಿಸಿದರು. ಕೆಲವೇ ವಾರಗಳಲ್ಲಿ ರಂಜಕ ಬಿದ್ದ ಬದಿ ಹಸಿರು ಬಳಿದಂತಾಯಿತು, ಇನ್ನೊಂದು ತಿಳಿಯಾಗೇ ಉಳಿಯಿತು. ಸಾವಿರ ಪುಟದ ವರದಿಗಿಂತ ವಿಮಾನದಿಂದ ತೆಗೆದ ಆ ಒಂದು ಚಿತ್ರವೇ ಹೆಚ್ಚು ಕೆಲಸ ಮಾಡಿತೆಂಬುದು ನನ್ನ ಅಭಿಪ್ರಾಯ. ಹೊಲದ ಗೊಬ್ಬರ, ಚರಂಡಿ ನೀರು, ಕೆಲವು ಸೋಪಿನ ಪುಡಿಗಳು, ಇವೆಲ್ಲ ರಂಜಕ ಹೊತ್ತು ತರುವಂಥವು.

ಮೈಕ್ರೊಸಿಸ್ಟಿನ್ ಹೊಡೆಯುವುದು ಯಕೃತ್ತನ್ನು. 1996ರಲ್ಲಿ ಬ್ರೆಜಿಲ್‌ನ ಕರುವಾರು ಪಟ್ಟಣದಲ್ಲಿ ಅದು ಡಯಾಲಿಸಿಸ್ ನೀರಿನ ಮೂಲಕ ನೇರ ರಕ್ತಕ್ಕೇ ಸೇರಿ ಹತ್ತಾರು ರೋಗಿಗಳು ಸತ್ತರು. ಕಡಲ ಪಾಚಿಯ ವಿಷಗಳ ದಾರಿ ಬೇರೆ. 1987ರಲ್ಲಿ ಕೆನಡಾದಲ್ಲಿ ಕಡಲ ಚಿಪ್ಪುಜೀವಿಗಳನ್ನು ತಿಂದ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, ಕೆಲವರ ನೆನಪಿನ ಶಕ್ತಿಯೇ ಹೋಯಿತು. ಡೊಮೊಯಿಕ್ ಆಮ್ಲವೆಂಬ ಪಾಚಿಯ ವಿಷ ತುಂಬಿಕೊಂಡಿದ್ದ ಆ ಚಿಪ್ಪುಜೀವಿಗಳು ಮಾತ್ರ ಆರೋಗ್ಯವಾಗಿಯೇ ಇದ್ದವು!

ಹಾಗಾದರೆ ಔಷಧಿ ಸುರಿದು ಪಾಚಿಯನ್ನು ಕೊಲ್ಲಬಾರದೇ? ಮೈಲುತುತ್ತಕ್ಕೆ ಪಾಚಿ ಸಾಯುತ್ತದೆ, ನಿಜ. ಆದರೆ ಜೀವಕೋಶ ಒಡೆದಾಗ ಒಳಗಿದ್ದ ವಿಷವೆಲ್ಲ ಒಮ್ಮೆಲೇ ನೀರಿಗೆ. ಸತ್ತ ಪಾಚಿ ಕೊಳೆಯುವಾಗ ಆಮ್ಲಜನಕ ಬರಿದಾಗಿ ಮೀನು ಸಾಯುತ್ತದೆ. ಆಮ್ಲಜನಕವಿಲ್ಲದ ತಳದ ಕೆಸರು, ವರ್ಷಗಳಿಂದ ಹಿಡಿದಿಟ್ಟ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ. ಮುಂದಿನ ಬೇಸಿಗೆಯ ಪಾಚಿಗೆ ಊಟ ಅಲ್ಲೇ ಸಿದ್ಧ.