ಎರಡು ತಿಂಗಳ ಅಧಿಕಾರ, ಇಪ್ಪತ್ತು ವರ್ಷದ ಅಲೆದಾಟ

ಕೇಳುಗರಿಗೆ ನಮಸ್ಕಾರ.

ಇಟಲಿಯ ಮಹಾಕವಿ ಡಾಂಟೆಯನ್ನು ಓದಲು ಕೂರುವ ಮುನ್ನ ಫ್ಲಾರೆನ್ಸಿನ ರಾಜಕೀಯ ಸ್ವಲ್ಪ ತಿಳಿದಿರಬೇಕು. ಅವನು ಹುಟ್ಟಿದ್ದು 1265ರಲ್ಲಿ, ಆ ಊರಿನಲ್ಲೇ. ಅಲ್ಲಿ ಅರಸನಿರಲಿಲ್ಲ, ವೃತ್ತಿಸಂಘಗಳದ್ದೇ ಆಡಳಿತ. ಸಂಘದಲ್ಲಿ ಹೆಸರಿಲ್ಲದವನಿಗೆ ಹುದ್ದೆಯಿಲ್ಲ. ಹಾಗಾಗಿ 1295ರಲ್ಲಿ ಡಾಂಟೆ ವೈದ್ಯರು ಹಾಗೂ ಔಷಧ ವ್ಯಾಪಾರಿಗಳ ಸಂಘ ಸೇರಿದ. 1300ರ ಜೂನ್ 15ರಂದು ಊರಿನ ಆಡಳಿತ ನಡೆಸುವ ಆರು ಮಂದಿ ಪ್ರಯೋರ್‌ಗಳಲ್ಲಿ ಒಬ್ಬನಾದ. ಅವಧಿ ಎರಡೇ ತಿಂಗಳು.

ಆಗ ಊರನ್ನಾಳುತ್ತಿದ್ದ ಗ್ವೆಲ್ಫ್ ಪಕ್ಷ ಕಪ್ಪು, ಬಿಳಿ ಎಂದು ಒಡೆದು ಬಡಿದಾಡುತ್ತಿತ್ತು. ಪ್ರಯೋರ್‌ಗಳು ಎರಡೂ ಬಣಗಳ ಮುಖಂಡರನ್ನು ಊರಾಚೆ ಕಳಿಸಿದರು. ಅವರಲ್ಲಿ ಡಾಂಟೆಯ ಆಪ್ತಮಿತ್ರ, ಕವಿ ಗ್ವಿದೊ ಕವಾಲ್ಕಾಂತಿಯೂ ಇದ್ದ. ಗ್ವಿದೊ ಕಾಯಿಲೆ ಬಿದ್ದು ಅದೇ ಆಗಸ್ಟ್‌ನಲ್ಲಿ ತೀರಿಕೊಂಡ. ಪಕ್ಷ ನೋಡದೆ ನಡೆದುಕೊಂಡದ್ದಕ್ಕೆ ಡಾಂಟೆ ತೆತ್ತದ್ದು ಸಣ್ಣ ಬೆಲೆಯಲ್ಲ.

1301ರ ನವೆಂಬರಿನಲ್ಲಿ ಪೋಪ್ ಎಂಟನೆಯ ಬೋನಿಫೇಸನ ಬೆಂಬಲದೊಂದಿಗೆ ಫ್ರಾನ್ಸಿನ ಅರಸನ ತಮ್ಮ ಶಾರ್ಲ್ ಸೈನ್ಯಸಮೇತ ಬಂದ. ಕಪ್ಪು ಬಣ ಮೇಲುಗೈ ಪಡೆಯಿತು. ಡಾಂಟೆ ಬಿಳಿ ಬಣದವನು. 1302ರ ಜನವರಿ 27ರಂದು ಲಂಚದ ಆರೋಪ ಹೊರಿಸಿ ಡಾಂಟೆಗೆ 5000 ಸಣ್ಣ ಫ್ಲೋರಿನ್ ನಾಣ್ಯಗಳ ದಂಡ, ಎರಡು ವರ್ಷ ಗಡಿಪಾರು ವಿಧಿಸಿದರು. ಅವನು ಹಾಜರಾಗಲಿಲ್ಲ. ಮಾರ್ಚ್ 10ರಂದು ಇನ್ನೊಂದು ತೀರ್ಪು: ಸಿಕ್ಕಿದರೆ ಸುಟ್ಟು ಕೊಲ್ಲುವುದು. ಮತ್ತೆ ಅವನು ಹುಟ್ಟೂರು ಕಾಣಲೇ ಇಲ್ಲ. 1315ರಲ್ಲಿ ಕ್ಷಮಾದಾನದ ಅವಕಾಶ ಬಂದರೂ ತಪ್ಪೊಪ್ಪಿಕೊಳ್ಳುವ ಅವಮಾನ ಬೇಡವೆಂದು ತಳ್ಳಿಹಾಕಿದ.

ಈ ಅಲೆದಾಟದಲ್ಲೇ ಅವನ ಮಹಾಕಾವ್ಯ ‘ಕೊಮೆದಿಯಾ’ (‘ಡಿವೈನ್ ಕಾಮೆಡಿ’) ಬೆಳೆಯಿತು. ಪಂಡಿತರ ಲ್ಯಾಟಿನ್ ಬಿಟ್ಟು ಟಸ್ಕನಿಯ ಆಡುನುಡಿಯಲ್ಲಿ ಬರೆದ 14,233 ಸಾಲು. ನರಕಕ್ಕೆ 34 ಸರ್ಗ, ಪಾಪ ತೊಳೆಯುವ ಶುದ್ಧಿಲೋಕಕ್ಕೆ 33, ಸ್ವರ್ಗಕ್ಕೆ 33. ಸಾಲಿಗೆ ಹನ್ನೊಂದು ಉಚ್ಚಾರಾಂಶ, ಮೂರು ಸಾಲಿಗೊಂದು ಪದ್ಯ. ಮೊದಲ ಮತ್ತು ಮೂರನೆಯ ಸಾಲಿಗೆ ಒಂದೇ ಅಂತ್ಯಪ್ರಾಸ. ನಡುವಿನ ಸಾಲಿನ ಪ್ರಾಸವನ್ನು ಮುಂದಿನ ಪದ್ಯದ ಮೊದಲ, ಮೂರನೆಯ ಸಾಲುಗಳು ಎತ್ತಿಕೊಳ್ಳುತ್ತವೆ. ಹೀಗೆ ಸರಪಳಿ ಸಾಗಿ, ಸರ್ಗದ ಕೊನೆಗೆ ಬಿಡಿಯಾಗಿ ನಿಲ್ಲುವ ಒಂದು ಸಾಲಿನಿಂದ ಮುಗಿಯುತ್ತದೆ. ಕೈಬರಹದ ಕಾಲದಲ್ಲಿ ಇದು ದೊಡ್ಡ ಕಾವಲು: ಲಿಪಿಕಾರ ಒಂದು ಸಾಲು ಬಿಟ್ಟರೂ, ತನ್ನದೊಂದು ತುರುಕಿದರೂ ಪ್ರಾಸ ಕೆಟ್ಟು ಗೊತ್ತಾಗಿಬಿಡುತ್ತದೆ. ಆದಿಪ್ರಾಸಕ್ಕೆ ಒಗ್ಗಿದ ನಾವು ಇಲ್ಲಿ ಸಾಲಿನ ತುದಿಗೆ ಕಿವಿ ಕೊಡಬೇಕು. ಅನುವಾದದಲ್ಲಿ ಮೊದಲು ಕಳಚುವುದೂ ಈ ತುದಿಯೇ.

ವೆನಿಸ್‌ಗೆ ರಾಯಭಾರಿಯಾಗಿ ಹೋಗಿ ಮರಳುವಾಗ ಜ್ವರ ಹತ್ತಿ, 1321ರ ಸೆಪ್ಟೆಂಬರಿನಲ್ಲಿ ಡಾಂಟೆ ತಾನು ಕೊನೆಗೆ ನೆಲೆಸಿದ್ದ ರವೆನ್ನಾ ಊರಿನಲ್ಲಿ ತೀರಿಕೊಂಡ. ಅವನ ಮೂಳೆಗಳಾದರೂ ಬೇಕೆಂದು ಫ್ಲಾರೆನ್ಸ್ ಹಟ ಹಿಡಿಯಿತು. 1519ರಲ್ಲಿ ಪೋಪನ ಅಪ್ಪಣೆಯೂ ಸಿಕ್ಕಿತು. ಬಂದವರು ಸಮಾಧಿ ತೆರೆದರೆ ಒಳಗೆ ಏನೂ ಇಲ್ಲ. ಫ್ರಾನ್ಸಿಸ್ಕನ್ ಸನ್ಯಾಸಿಗಳು ಮೊದಲೇ ಸಾಗಿಸಿ ಬಚ್ಚಿಟ್ಟಿದ್ದರು. 1865ರಲ್ಲಿ ರಿಪೇರಿ ಕೆಲಸ ನಡೆದಾಗ ಒಂದು ಮರದ ಪೆಟ್ಟಿಗೆಯಲ್ಲಿ ಅವು ಸಿಕ್ಕವು. ರವೆನ್ನಾ ಇಂದಿಗೂ ಅವನ್ನು ಬಿಟ್ಟುಕೊಟ್ಟಿಲ್ಲ.