ಮಕ್ರೀನಳ ಮನೆ

ಕೇಳುಗರೆ,

ಮೊದಲ ಶತಮಾನಗಳ ಕ್ರೈಸ್ತರು ಕನ್ಯಾವ್ರತಕ್ಕೆ ಅಷ್ಟು ಎತ್ತರದ ಸ್ಥಾನವನ್ನು ಕೊಟ್ಟದ್ದೇಕೆ ಎಂದು ಕೇಳಿದರೆ, ಅವರು ದೇಹವನ್ನು ಹೇಸುತ್ತಿದ್ದರು ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಹೇಸಿದವರೂ ಇದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇಂದು ಟರ್ಕಿಗೆ ಸೇರಿರುವ ಪೊಂತುಸ್ ಪ್ರಾಂತದಲ್ಲಿ, ಐರಿಸ್ ನದಿಯ ಬಳಿಯಿದ್ದ ಒಂದು ಶ್ರೀಮಂತ ಮನೆತನದ ವೃತ್ತಾಂತವನ್ನು ಓದಿದ ಮೇಲೆ ಆ ಉತ್ತರ ನನಗೆ ಸಾಲದೆನಿಸಿದೆ.

ರೋಮ್ ಸಾಮ್ರಾಜ್ಯದಲ್ಲಿ ಮದುವೆಯೆಂಬುದು ರಾಜ್ಯದ ಕಾಳಜಿಯೂ ಆಗಿತ್ತು. ಅಗಸ್ಟಸ್ ಚಕ್ರವರ್ತಿ ಕ್ರಿ.ಪೂ. 18ರಲ್ಲಿಯೂ ಕ್ರಿ.ಶ. 9ರಲ್ಲಿಯೂ ತಂದ ಕಾನೂನುಗಳು ಮದುವೆಯಾಗದವರು ಉಯಿಲಿನ ಮೂಲಕ ಆಸ್ತಿ ಪಡೆಯುವುದನ್ನು ನಿರ್ಬಂಧಿಸಿದ್ದವು. ಕಾನ್‌ಸ್ಟಂಟೈನ್ 320ರಲ್ಲಿ ಆ ದಂಡನೆಗಳನ್ನು ತೆಗೆದುಹಾಕಿದ. ಹೆಣ್ಣುಮಕ್ಕಳ ಮದುವೆಗೆ ಕಾನೂನು ಗೊತ್ತುಪಡಿಸಿದ್ದ ಕನಿಷ್ಠ ವಯಸ್ಸು 12. ವಂಶ, ಆಸ್ತಿ, ಊರಿನ ಮುಂದಿನ ಪೀಳಿಗೆ ಎಲ್ಲವೂ ಆ ಬಾಲೆಯರ ದೇಹದ ಮೇಲೆಯೇ ನಿಂತಿದ್ದ ಕಾಲದಲ್ಲಿ, ಒಬ್ಬಳು ‘ಒಲ್ಲೆ’ ಎಂದಳೆಂದರೆ ಅದು ಬರಿಯ ಒಳಗಿನ ಭಕ್ತಿಯ ಮಾತಾಗಿ ಉಳಿಯುತ್ತಿರಲಿಲ್ಲ.

ಮಕ್ರೀನ ಹುಟ್ಟಿದ್ದು ಸುಮಾರು 327ರಲ್ಲಿ. ನಾಲ್ವರು ಗಂಡು, ಐವರು ಹೆಣ್ಣುಮಕ್ಕಳ ಆ ಮನೆಗೆ ಆಕೆಯೇ ಹಿರಿಯ ಮಗಳು. ಮುಂದೆ ಬಿಷಪರಾಗಿ ಹೆಸರಾದ ಬಸಿಲ್ ಮತ್ತು ನಿಸ್ಸಾದ ಗ್ರೆಗರಿ ಆಕೆಯ ತಮ್ಮಂದಿರು. ಉಳಿದಿರುವ ತನ್ನ ಬರಹಗಳಲ್ಲಿ ಬಸಿಲ್ ಅಕ್ಕನ ಹೆಸರನ್ನು ಒಮ್ಮೆಯೂ ಎತ್ತಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ಗ್ರೆಗರಿ ಆಕೆಯ ಚರಿತ್ರೆಯನ್ನು ಬರೆಯದೆ ಹೋಗಿದ್ದರೆ ಆಕೆಯ ಬಾಳಿನ ಬಗ್ಗೆ ನಮಗೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ತಂದೆ ಗೊತ್ತುಮಾಡಿದ್ದ ವರ ಮದುವೆಗೆ ಮೊದಲೇ ತೀರಿಕೊಂಡ. ಬೇರೆ ವರನನ್ನು ನೋಡೋಣವೆಂದಾಗ ಬಾಲೆ ಹೇಳಿದ ಮಾತು ಅಚ್ಚರಿ ಹುಟ್ಟಿಸುವಂಥದು: ತಂದೆಯ ನಿಶ್ಚಯವೇ ಮದುವೆಗೆ ಸಮ, ಸತ್ತವರು ಮತ್ತೆ ಎದ್ದುಬರುವರೆಂಬ ಪುನರುತ್ಥಾನದ ನಂಬಿಕೆಯಿರುವವರಿಗೆ ಆತ ಸತ್ತವನಲ್ಲ, ಊರು ಬಿಟ್ಟು ದೂರ ಹೋದವನಷ್ಟೆ, ದೂರ ಹೋದ ಗಂಡನಿಗೆ ಹೆಂಡತಿ ನಿಷ್ಠೆ ತಪ್ಪಬಹುದೆ? ಹಿರಿಯರ ನಿಶ್ಚಯವನ್ನು ಶಿರಸಾವಹಿಸಿದಂತೆ ತೋರುತ್ತಲೇ ಅದೇ ನಿಶ್ಚಯದಿಂದ ಆಕೆ ತನ್ನ ಬಿಡುಗಡೆಯನ್ನು ಪಡೆದುಕೊಂಡಳು.

ಇಲ್ಲಿ ನಮ್ಮ ಮಾತಿನ ಬಗ್ಗೆ ಒಂದು ಎಚ್ಚರಿಕೆ ಬೇಕು. ಬ್ರಹ್ಮಚರ್ಯವೆಂದೊಡನೆ ನಮಗೆ ಗೃಹಸ್ಥಾಶ್ರಮಕ್ಕೆ ಮೊದಲಿನ ವಿದ್ಯಾರ್ಥಿದಶೆ ನೆನಪಾಗುತ್ತದೆ. ಮಕ್ರೀನಳ ವ್ರತ ಅಂತಹ ಒಂದು ಘಟ್ಟವಾಗಿರಲಿಲ್ಲ, ಆಯುಷ್ಯವೆಲ್ಲ ಬಾಳಬೇಕಾದ ಬಾಳಾಗಿತ್ತು.

ಆ ಬಾಳು ಮನೆಯೊಳಗೇ ಬೆಳೆಯಿತು. ತಂದೆ ತೀರಿಕೊಂಡ ಮೇಲೆ ಮೂರು ಪ್ರಾಂತಗಳಲ್ಲಿ ಹರಡಿದ್ದ ಆಸ್ತಿಗೆ ಮೂವರು ಅಧಿಕಾರಿಗಳಿಗೆ ತೆರಿಗೆ ಕಟ್ಟುತ್ತಿದ್ದ ತಾಯಿ ಎಮ್ಮೇಲಿಯಾಳ ಭಾರವನ್ನು ಮಗಳು ಹಂಚಿಕೊಂಡಳು. ದಾಸಿಯರಿಗೆ ಮೀಸಲಾಗಿದ್ದ ಕೆಲಸವನ್ನು ತಾನೇ ಮಾಡಿ, ತಾಯಿಗಾಗಿ ತನ್ನ ಕೈಯಿಂದಲೇ ರೊಟ್ಟಿ ಸಿದ್ಧಪಡಿಸಿದಳು. ಕೊನೆಗೆ ಒಡತಿಯೆಂಬ ಪದವಿಯನ್ನೇ ಬಿಡುವಂತೆ ತಾಯಿಯ ಮನವೊಲಿಸಿದಳು. ಅಂದಿನಿಂದ ದಾಸಿಯರಾಗಿದ್ದವರಿಗೂ ಒಡತಿಯರಿಗೂ ಒಂದೇ ಊಟ, ಒಂದೇ ಬಗೆಯ ಹಾಸಿಗೆ. ಗಂಡನನ್ನು ಬೇಡವೆಂದ ಮಗಳ ನಿರ್ಧಾರ ಯಜಮಾನಿಕೆಯನ್ನು ಬೇಡವೆನ್ನುವವರೆಗೆ ನಡೆದುಬಂದದ್ದೇ ಈ ಇಡೀ ವಿಷಯದ ತಿರುಳೆಂದು ನಾನು ನಂಬಿದ್ದೇನೆ.

ಇಂತಹ ನಡೆಯ ಅಪಾಯವನ್ನು ಧರ್ಮಸಭೆಯ ಹಿರಿಯರು ಚೆನ್ನಾಗಿ ಅರಿತಿದ್ದರು. ಸುಮಾರು 340ರಲ್ಲಿ, ಪೊಂತುಸ್‌ಗೆ ದೂರವಲ್ಲದ ಗಂಗ್ರಾ ಪಟ್ಟಣದಲ್ಲಿ ಸೇರಿದ ಬಿಷಪರು ಮದುವೆಯನ್ನು ಹೀನವೆನ್ನುವವರನ್ನೂ, ವೈರಾಗ್ಯದ ಹೆಸರಿನಲ್ಲಿ ಕೂದಲು ಕತ್ತರಿಸಿಕೊಂಡು ಗಂಡುಡುಗೆ ತೊಡುವ ಹೆಂಗಸರನ್ನೂ, ಒಡೆಯರನ್ನು ಬಿಟ್ಟುಹೋಗುವಂತೆ ಗುಲಾಮರಿಗೆ ಬೋಧಿಸುವವರನ್ನೂ ಖಂಡಿಸಿದರು. ಮದುವೆ, ಉಡುಗೆ, ಗುಲಾಮಗಿರಿ ಮೂರನ್ನೂ ಅವರು ಒಂದೇ ಪಟ್ಟಿಯಲ್ಲಿ ತಂದಿರಿಸಿದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಮೊದಲ ಶತಮಾನದ ಕ್ರೈಸ್ತ ಅಪೊಸ್ತಲನಾದ ಪೌಲನೂ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆಯುವಾಗ, ಎಲ್ಲರೂ ತನ್ನಂತಿದ್ದರೆ ಚೆನ್ನೆಂದು ಹಾರೈಸಿದರೂ, ಮದುವೆಯಾದರೆ ಪಾಪವಿಲ್ಲವೆಂದು ಸ್ಪಷ್ಟಪಡಿಸಿದ್ದ.

ಗ್ರೆಗರಿ ಕನ್ಯಾವ್ರತವನ್ನು ಕುರಿತು ಪ್ರತ್ಯೇಕವಾಗಿಯೇ ಒಂದು ಪ್ರಬಂಧವನ್ನು ಬರೆದ. ತನಗೆ ಆ ಭಾಗ್ಯ ಕೈತಪ್ಪಿತೆಂದು ಅದರಲ್ಲಿ ವಿಷಾದಿಸಿದ್ದಾನೆ. ಅವನ ವಾದದ ಆಳದಲ್ಲಿರುವುದು ಸಾವು. ಹುಟ್ಟುವ ಪ್ರತಿಯೊಂದು ದೇಹವೂ ಸಾವಿಗೆ ಆಹಾರ. ಹೆರದೆ ಉಳಿಯುವ ಕನ್ಯೆಯ ಬಳಿಗೆ ಬಂದಾಗ ಸಾವು ಮುಂದೆ ಸಾಗಲಾರದೆ ನಿಲ್ಲುತ್ತದೆ ಎಂದು ಆತ ಬರೆಯುತ್ತಾನೆ. ಹೆರಿಗೆಯಲ್ಲಿ ಸಾಯುವ ಬಾಣಂತಿಯರನ್ನೂ ತೊಟ್ಟಿಲಲ್ಲೇ ಹೋಗುವ ಕೂಸುಗಳನ್ನೂ ಕಂಡಿದ್ದ ಜನರ ಕಿವಿಯಲ್ಲಿ ಈ ಮಾತನ್ನು ಕೇಳಿಸಿಕೊಳ್ಳಲು ಪ್ರಯತ್ನಿಸಬೇಕು. ತಾಯ್ತನದ ಸುಖವನ್ನು ಇದು ಕಡೆಗಣಿಸುತ್ತದೆಂಬ ಆಕ್ಷೇಪ ನನ್ನದೂ ಹೌದು.

379ರಲ್ಲಿ ಗ್ರೆಗರಿ ಅಕ್ಕನನ್ನು ಕಾಣಲು ಬಂದಾಗ ಆಕೆ ನೆಲದ ಮೇಲೆ ಹಲಗೆಯೊಂದರ ಮೇಲೆ ಮಲಗಿದ್ದಳು. ಸಂಜೆ ದೀಪ ತಂದ ಹೊತ್ತಿಗೆ, ತುಟಿಯಲ್ಲೇ ಪ್ರಾರ್ಥನೆ ಮುಗಿಸಿ ಕಣ್ಣುಮುಚ್ಚಿದಳು. ಶವಕ್ಕೆ ತೊಡಿಸಲು ಒಳ್ಳೆಯ ಬಟ್ಟೆಯೇನಾದರೂ ಇದೆಯೇ ಎಂದು ಕೇಳಿದ ತಮ್ಮನಿಗೆ ಲಂಪಾದಿಯೋನ್ ಎಂಬ ಸೇವಾಧಿಕಾರಿಣಿ ಆಕೆಯ ಮೇಲುಡುಗೆ, ತಲೆಯ ಮುಸುಕು, ಸವೆದ ಪಾದರಕ್ಷೆಗಳನ್ನು ತೋರಿಸಿ, ಇಷ್ಟೇ ಆಸ್ತಿ ಎಂದಳು. ಆಗ ಗ್ರೆಗರಿ ತಾನು ತಂದಿದ್ದ ಬಟ್ಟೆಯನ್ನು ಕೊಟ್ಟ. ಆದರೆ ಮದುವಣಗಿತ್ತಿಯಂತೆ ಸಿಂಗಾರಗೊಂಡ ಆಕೆಯನ್ನು ಆ ಮನೆಯಲ್ಲಿ ವ್ರತದಿಂದ ಬಾಳುತ್ತಿದ್ದ ಕನ್ಯೆಯರು ನೋಡುವುದು ತಕ್ಕುದಲ್ಲವೆಂದು ಲಂಪಾದಿಯೋನ್ ಹೇಳಿದಳು. ತಾಯಿ ಎಮ್ಮೇಲಿಯಾಳ ಹಳೆಯ ಕಪ್ಪು ಮೇಲುಡುಗೆಯೊಂದನ್ನು ಹುಡುಕಿ ತಂದು ಅದರ ಮೇಲೆ ಹೊದಿಸಿದರು.