ನಂಜನಗೂಡಿನ ಸತಿಹಿತೈಷಿಣಿ

ಕೇಳುಗರಿಗೆ ನಮಸ್ಕಾರ.

ನಂಜನಗೂಡು ಅಂದ ಕೂಡಲೇ ಕಪಿಲೆಯ ದಡ, ಶ್ರೀಕಂಠೇಶ್ವರನ ಗುಡಿ, ರಸಬಾಳೆ ಕಣ್ಣಮುಂದೆ ಬರುತ್ತವೆ. ನನಗೆ ಅವುಗಳ ಜೊತೆಗೇ ಲೇಖಕಿ ತಿರುಮಲಾಂಬ ಅವರ ಹೆಸರೂ ನೆನಪಿಗೆ ಬರುತ್ತದೆ.

ಅವರು ಹುಟ್ಟಿದ್ದು 1887ರಲ್ಲಿ. 10 ವರ್ಷಕ್ಕೆ ಮದುವೆ; 14 ತುಂಬುವ ಹೊತ್ತಿಗೆ ಗಂಡ ತೀರಿಹೋದರು. ಆಗಿನ ಬಾಲವಿಧವೆಯ ಪಾಡನ್ನು ಅಜ್ಜಿಯರ ಬಾಯಿಂದ ಕೇಳಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹಸೆಮಣೆಯ ಹತ್ತಿರ ಸುಳಿಯುವಂತಿಲ್ಲ, ಒಳ್ಳೆಯ ಕೆಲಸಕ್ಕೆ ಹೊರಟವರ ಎದುರಿಗೆ ಬರುವಂತಿಲ್ಲ. ಈ ಹುಡುಗಿಯ ಪುಣ್ಯ, ತಂದೆ ಮಗಳ ಕೈಗೆ ಪುಸ್ತಕ ಕೊಟ್ಟರು.

1913ರಲ್ಲಿ ತಿರುಮಲಾಂಬ ತಮ್ಮದೇ ಗ್ರಂಥಮಾಲೆ ಆರಂಭಿಸಿದರು. ಅದೇ ವರ್ಷ ಅವರ ಮೊದಲ ಕಾದಂಬರಿ ‘ಸುಶೀಲೆ’ ಅಚ್ಚಾಯಿತು. ಗ್ರಂಥಮಾಲೆಗೆ ಅವರಿಟ್ಟ ಹೆಸರು ‘ಸತಿಹಿತೈಷಿಣಿ’. ಮುತ್ತೈದೆಯರ ಸಾಲಿನಿಂದ ಊರು ಯಾರನ್ನು ಎಬ್ಬಿಸಿ ಕಳಿಸಿತ್ತೋ, ಅವರೇ ಸತಿಯರ ಹಿತ ಬಯಸುವವಳು ನಾನು ಎಂದು ಮುಖಪುಟದ ಮೇಲೆ ಬರೆಸಿಕೊಂಡರು! ಆ ಹೆಸರು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ, ಆಮೇಲೆ ‘ಸನ್ಮಾರ್ಗದರ್ಶಿನಿ’. ಪತ್ರಿಕೆ ನಡೆಸುವುದೆಂದರೆ ಲೇಖನ ಬರೆಸಬೇಕು, ತಿದ್ದಬೇಕು, ಕರಡಚ್ಚು ನೋಡಬೇಕು, ಚಂದಾದಾರರನ್ನು ಕೂಡಿಸಬೇಕು. ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ದಿನಗಳವು. ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂದು ಅವರನ್ನು ಕರೆಯುತ್ತಾರೆ. ಆ ಎರಡು ಮಾತಿನಲ್ಲಿ ಈ ದುಡಿಮೆ ಕಾಣುವುದಿಲ್ಲ.

ಅವರ ಕಾದಂಬರಿಗಳಲ್ಲಿ ಪಾತಿವ್ರತ್ಯದ ಉಪದೇಶ ಧಾರಾಳವಾಗಿದೆ. ಇಂದಿನ ಹುಡುಗಿಯರಿಗೆ ಅದು ಹಿಡಿಸಲಿಕ್ಕಿಲ್ಲ. ನನಗೂ ಕೆಲವೆಡೆ ಹಿಡಿಸುವುದಿಲ್ಲ. ಆದರೆ ಮನೆಯೊಳಗಿನ ಹೆಂಗಸಿಗೆಂದೇ ಕಥೆ ಬರೆದು, ಅಚ್ಚು ಹಾಕಿಸಿ, ಅವಳ ಕೈಗೆ ತಲುಪಿಸಬೇಕೆಂದು ಹೊರಟರಲ್ಲ, ಆ ಛಲಕ್ಕೆ ನಾನು ತಲೆಬಾಗುತ್ತೇನೆ.

ಆಮೇಲೆ ಅವರು ಬರೆಯುವುದನ್ನು ನಿಲ್ಲಿಸಿದರು. ಕನ್ನಡದವರು ಅವರನ್ನು ಮರೆತರು, ಎಷ್ಟರಮಟ್ಟಿಗೆಂದರೆ ಅವರು ಬದುಕಿದ್ದಾರೆಂಬುದೇ ಬಹಳ ಜನಕ್ಕೆ ತಿಳಿದಿರಲಿಲ್ಲ. ಕೊನೆಗೆ ಲೇಖಕಿ, ಪ್ರಾಧ್ಯಾಪಕಿ ಸಿ. ಎನ್. ಮಂಗಳಾ ಅವರು ಹುಡುಕಿಕೊಂಡು ಹೋದಾಗ ತಿರುಮಲಾಂಬ ಮದರಾಸಿನಲ್ಲಿ ಇದ್ದರು, ತೊಂಬತ್ತು ದಾಟಿದ ವೃದ್ಧೆ. 1982ರಲ್ಲಿ ಅಲ್ಲಿಯೇ ತೀರಿಕೊಂಡರು.

ಇಂದು ಬೆಂಗಳೂರಿನ ‘ಶಾಶ್ವತಿ’ ಸಂಸ್ಥೆ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತದೆ. ಬರೆಯುವ ಹೆಣ್ಣುಮಕ್ಕಳ ಸಾಲಿನಲ್ಲಿ ತಿರುಮಲಾಂಬ ಅವರಿಗೆ ಈಗ ಮೊದಲ ಮಣೆ.

ನಮಸ್ಕಾರ.